ನಮ್ಮ ಹಳ್ಳಿಯ ಚರ್ಚಿನ ಚರಿತ್ರೆಗೆ ಇಂಗ್ಲೆಂಡಿನ ಹಳ್ಳಿ ಚರ್ಚುಗಳ ಮಾದರಿ ಒದಗುವುದೇ?

ಕಾರಂಜಾ ದಂಡೆ, ಭಾಲ್ಕಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಹಳ್ಳಿಯ ಮೆಥೋಡಿಸ್ಟ್ ಚರ್ಚಿನ ಚರಿತ್ರೆಯನ್ನು ಚಿಕ್ಕ ಪುಸ್ತಕವಾಗಿ ತರಬೇಕೆಂದು ಸಭೆಯ ಹಿರಿಯರು ತೀರ್ಮಾನಿಸಿ, ಬರೆಯುವ ಹೊಣೆಯನ್ನು ನನಗೆ ಒಪ್ಪಿಸಿದ್ದಾರೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು. ಇತಿಹಾಸದ ಕೆಲಸ ನನಗೆ ಹೊಸದು. ಕೈಯಲ್ಲಿರುವ ಸಾಮಗ್ರಿಯೆಂದರೆ ತಗಡಿನ ಪೆಟ್ಟಿಗೆಯಲ್ಲಿರುವ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಯ ಹಳೆಯ ರಿಜಿಸ್ಟರುಗಳು, ಕಾಣಿಕೆಯ ಲೆಕ್ಕದ ಕೆಲವು ವಹಿಗಳು, ಹಾಗೂ ವಯಸ್ಸಾದವರ ನೆನಪು.

ಮಾದರಿಗಾಗಿ ಹುಡುಕುವಾಗ ಇಂಗ್ಲೆಂಡಿನ ಆಂಗ್ಲಿಕನ್ (ಅಲ್ಲಿನ ರಾಜಮಾನ್ಯ ಸಭೆಯ) ಹಳ್ಳಿ ಚರ್ಚುಗಳ ಚರಿತ್ರೆಗಳು ಸಿಕ್ಕವು. ನಮ್ಮೂರಿಗಿಂತ ಸಣ್ಣ ಊರಿನ ಚರ್ಚಿನ ಬಗ್ಗೆಯೂ ಶತಮಾನಗಳ ವಿವರವನ್ನು, ಛಾವಣಿಯ ದುರಸ್ತಿಗೆ ಆದ ಖರ್ಚಿನವರೆಗೆ, ಅವರು ಬರೆಯಬಲ್ಲರು. ಇಷ್ಟೊಂದು ದಾಖಲೆ ಅವರಲ್ಲಿ ಉಳಿದದ್ದು ಹೇಗೆ? ಅಷ್ಟು ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವವರು ಯಾರು, ಸರ್ಕಾರವೋ ಊರಿನವರೋ? ನಮ್ಮ ಸಭೆಗೂ ಆ ಚರ್ಚುಗಳಿಗೂ ಏನಾದರೂ ನಂಟಿದೆಯೇ ಎಂಬುದನ್ನೂ ತಿಳಿದವರು ಹೇಳಬೇಕು. ಇನ್ನೊಂದು ತುರ್ತಿನ ವಿಷಯವಿದೆ: ಪುಸ್ತಕದ ಬಿಡುಗಡೆಗೆ ಮುಂಚೆ ಗೋಡೆಗಳ ಹಳೆಯ ಸುಣ್ಣದ ಗಚ್ಚನ್ನು ಕೆತ್ತಿ ಹಾಕಿ ಸಿಮೆಂಟಿನ ಗಿಲಾವು ಮಾಡಿಸಬೇಕೆಂದು ಕೆಲವರು ಹೇಳುತ್ತಿದ್ದಾರೆ.

ಹಳೇ ಮಾಸ್ತರ, ಕಲಬುರಗಿ

ಸರ್, ಮೊದಲ ಪ್ರಶ್ನೆಗೆ ಉತ್ತರ ರಾಜಾಜ್ಞೆಯಲ್ಲಿದೆ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಪ್ರತಿಯೊಂದು ಪ್ಯಾರಿಷ್ (ಒಂದು ಚರ್ಚಿಗೆ ಒಳಪಟ್ಟ ಪ್ರದೇಶ) ತನ್ನ ವ್ಯಾಪ್ತಿಯ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞೆ ಹೊರಡಿಸಿದನು. ಭಾನುವಾರದ ಆರಾಧನೆಯ ನಂತರ, ಚರ್ಚಿನ ಆಸ್ತಿ ನೋಡಿಕೊಳ್ಳುವ ಊರಿನವರಾದ ಚರ್ಚ್ ವಾರ್ಡನ್‌ಗಳ ಎದುರಿನಲ್ಲಿ ಹಿಂದಿನ ವಾರದ ವಿವರ ಬರೆಯಬೇಕು, ಪುಸ್ತಕವನ್ನು ಎರಡು ಬೀಗಗಳ ಪೆಟ್ಟಿಗೆಯಲ್ಲಿಡಬೇಕು, ಒಂದು ಕೀಲಿ ಪಾದ್ರಿಯ ಬಳಿಯೂ ಇನ್ನೊಂದು ವಾರ್ಡನ್‌ಗಳ ಬಳಿಯೂ ಇರಬೇಕು ಎಂಬುದು ಆ ಆಜ್ಞೆಯ ಭಾಗವೇ ಆಗಿತ್ತು. ಆರಂಭದಲ್ಲಿ ಹಲವರು ಕಾಗದದ ಮೇಲೆ ಬರೆದರು. 1598ರಲ್ಲಿ ಅವನ್ನು ಚರ್ಮದ ಹಾಳೆಗಳ ಪುಸ್ತಕಕ್ಕೆ ಇಳಿಸಬೇಕೆಂದು, ವಿಶೇಷವಾಗಿ ಮೊದಲನೆಯ ಎಲಿಜಬೆತ್ ಪಟ್ಟಕ್ಕೆ ಬಂದ 1558ರಿಂದ ಈಚಿನವನ್ನು ಬಿಡದೆ ನಕಲು ಮಾಡಬೇಕೆಂದು, ಕಟ್ಟಳೆಯಾಯಿತು. ಆದ್ದರಿಂದಲೇ ಅನೇಕ ಊರುಗಳ ರಿಜಿಸ್ಟರು 1558ರಿಂದ ಶುರುವಾಗುತ್ತದೆ. ವರ್ಷಕ್ಕೊಮ್ಮೆ ಒಂದು ಪ್ರತಿಯನ್ನು ಬಿಷಪ್ಪರ ಕಚೇರಿಗೆ ಕಳುಹಿಸುತ್ತಿದ್ದುದರಿಂದ, ಊರಿನ ಪುಸ್ತಕ ನೀರು, ಬೆಂಕಿ, ಇಲಿಗಳ ಪಾಲಾದ ಕಡೆಯಲ್ಲಿಯೂ ನಕಲು ಉಳಿಯಿತು.

ಆದರೆ ಆ ಪೆಟ್ಟಿಗೆಯನ್ನು ಶ್ರೀಮಂತವಾಗಿಸಿದ್ದು ಭಕ್ತಿಗಿಂತ ಹೆಚ್ಚಾಗಿ ತೆರಿಗೆ. ಅಲ್ಲಿ ಪ್ಯಾರಿಷ್ ಎಂದರೆ ಗಡಿಯುಳ್ಳ ಭೂಪ್ರದೇಶ. ಚರ್ಚಿಗೆ ಬರಲಿ ಬಿಡಲಿ, ಅದರೊಳಗೆ ವಾಸಿಸುವವರೆಲ್ಲ ಆ ಪ್ಯಾರಿಷಿಗೆ ಸೇರಿದವರು. 1601ರ ಕಾಯ್ದೆಯು ಬಡವರ ಪೋಷಣೆಯನ್ನು ಪ್ಯಾರಿಷ್‌ಗಳ ಮೇಲೆ ಹೊರಿಸಿತು. ವಾರ್ಡನ್‌ಗಳೂ ಅವರ ಜೊತೆಗೆ ನೇಮಕವಾದ ಮೇಲ್ವಿಚಾರಕರೂ ಊರಿನವರಿಂದ ತೆರಿಗೆ ಎತ್ತಿ ದಿಕ್ಕಿಲ್ಲದವರಿಗೆ ಹಂಚಬೇಕಾಯಿತು. ಖರ್ಚು ತಪ್ಪಿಸಿಕೊಳ್ಳುವ ಸಲುವಾಗಿ ಒಂದು ಪ್ಯಾರಿಷ್ ಇನ್ನೊಂದರ ಮೇಲೆ ಬಡವರನ್ನು ದೂಡುತ್ತಿತ್ತು, ಮತ್ತು ಈ ಜಗಳಗಳಿಗಾಗಿ ಕೂಲಿಯವನೊಬ್ಬ ಎಲ್ಲಿ ಹುಟ್ಟಿದ, ಯಾರ ಬಳಿ ದುಡಿದ, ಯಾವಾಗ ಊರು ಬಿಟ್ಟ ಎಂಬ ಹೇಳಿಕೆಗಳನ್ನು ಬರೆದುಕೊಳ್ಳುತ್ತಿದ್ದರು. ಜಿಪುಣತನದಿಂದ ಹುಟ್ಟಿದ ಈ ಕಾಗದಗಳಲ್ಲಿಯೇ ಇಂದು ಆ ಬಡವರ ಬದುಕು ಓದಲು ಸಿಗುತ್ತದೆ.

ಇದು ನಿಮ್ಮ ಕೆಲಸಕ್ಕೆ ನೇರವಾಗಿ ಸಂಬಂಧಿಸಿದ್ದು. ನಮ್ಮ ಕಡೆ ಹೊಲವಿದ್ದವನ ಹೆಸರು ಪಹಣಿಯಲ್ಲಿರುತ್ತದೆ, ಮನೆತನವಿದ್ದವನ ವಂಶಾವಳಿಯನ್ನು ಹೆಳವರು ಬಂದು ಹೇಳುತ್ತಾರೆ. ಭೂಮಿಯಿಲ್ಲದವರ ಅಜ್ಜ ಅಜ್ಜಿಯರ ಹೆಸರು ಎಲ್ಲಿಯೂ ಬರವಣಿಗೆಗೆ ಬಂದಿರುವುದಿಲ್ಲ. ಬೀದರ, ಕಲಬುರಗಿ ಭಾಗದ ಮೆಥೋಡಿಸ್ಟ್ ಸಭೆಗಳನ್ನು ಕಟ್ಟಿದವರಲ್ಲಿ ಹೆಚ್ಚಿನವರು ಅಂಥ ಕುಟುಂಬಗಳವರು. ಹೀಗಾಗಿ ನಿಮ್ಮ ತಗಡಿನ ಪೆಟ್ಟಿಗೆಯ ಬೆಲೆ, ಪ್ರಾಯದಲ್ಲಿ ಕಿರಿದಾದರೂ, ಇಂಗ್ಲೆಂಡಿನ ಪೆಟ್ಟಿಗೆಗಿಂತ ಕಡಿಮೆಯದೆಂದು ನಾನು ಒಪ್ಪುವುದಿಲ್ಲ.

ಅಲ್ಲಿನ ದಾಖಲೆ ಸಂಪೂರ್ಣವೆಂದೂ ತಿಳಿಯಬೇಡಿ. 1640ರ ದಶಕದ ಅಂತರ್ಯುದ್ಧದಲ್ಲಿಯೂ ಅದರ ನಂತರ ರಾಜನಿಲ್ಲದೆ ನಡೆದ ಆಳ್ವಿಕೆಯಲ್ಲಿಯೂ ಬರವಣಿಗೆ ಎಷ್ಟೋ ಕಡೆ ನಿಂತೇ ಹೋಗಿತ್ತು. ಕ್ಯಾಥೋಲಿಕರು, ಬ್ಯಾಪ್ಟಿಸ್ಟರು, ಕ್ವೇಕರರು ಮುಂತಾದ ಬೇರೆ ಪಂಥದವರು ಬಹುಮಟ್ಟಿಗೆ ಹೊರಗುಳಿದರು. 1837ರ ಜುಲೈ 1ರಂದು ಸರ್ಕಾರದ ಜನನ ಮರಣ ನೋಂದಣಿ ಆರಂಭವಾಗುವವರೆಗೂ ಈ ಕೊರತೆ ಹಾಗೆಯೇ ಇತ್ತು.

ಕೆಂಪುಗಲ್ಲು, ಬೀದರ

ಮಾಸ್ತರರು ಕಾಗದದ ಮಾತು ಹೇಳಿದ್ದಾರೆ, ನಾನು ಗೋಡೆಯ ಮಾತು ಹೇಳುತ್ತೇನೆ. ಹಳೆಯ ಕಟ್ಟಡಗಳ ದುರಸ್ತಿ ನನ್ನ ವೃತ್ತಿ. ಸರ್, ದಯವಿಟ್ಟು ಆ ಗಚ್ಚನ್ನು ಸದ್ಯಕ್ಕೆ ಮುಟ್ಟಬೇಡಿ.

ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಹುರುಪು ಬಂದಿತ್ತು. ಜೀರ್ಣೋದ್ಧಾರದ ಹೆಸರಿನಲ್ಲಿ ಸಾವಿರಾರು ಚರ್ಚುಗಳ ಒಳಗಿನ ಗಿಲಾವನ್ನು ಕಲ್ಲು ಕಾಣುವವರೆಗೆ ಕೆರೆದು ಹಾಕಿದರು. ಹದಿನಾರನೆಯ ಶತಮಾನದ ಧರ್ಮಸುಧಾರಣೆಯ ಕಾಲದಲ್ಲಿ ಸುಣ್ಣ ಬಳಿದು ಮುಚ್ಚಿದ್ದ ಮಧ್ಯಯುಗದ ಭಿತ್ತಿಚಿತ್ರಗಳು ಆ ಸುಣ್ಣದ ಕೆಳಗೆ ಸುರಕ್ಷಿತವಾಗಿದ್ದವು. ಕೆರೆತದಲ್ಲಿ ಕೆಲವು ಬೆಳಕಿಗೆ ಬಂದವು, ಬಹಳಷ್ಟು ಗಿಲಾವಿನೊಂದಿಗೆ ಕಸದ ರಾಶಿಗೆ ಹೋದವು. ಇದನ್ನು ತಡೆಯಲೆಂದೇ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದನು. ಹಳೆಯದನ್ನು ಹೊಸದರಂತೆ ಕಾಣಿಸುವ ಹಂಬಲ ಬಿಟ್ಟು, ಮಾಳಿಗೆ, ಮಳೆನೀರಿನ ದೋಣಿ, ಕಿಟಕಿಗಳ ಸಣ್ಣ ದುರಸ್ತಿಯನ್ನು ಕಾಲಕಾಲಕ್ಕೆ ಮಾಡುತ್ತಿರಬೇಕೆಂಬುದು ಆ ಸಂಘದ ನಿಲುವು, ಮತ್ತು ಇವತ್ತಿಗೂ ನಮ್ಮ ವೃತ್ತಿಯವರು ಅದನ್ನೇ ಪಾಲಿಸುತ್ತಾರೆ.

ಕಾರಣ ಸರಳವಾಗಿದೆ. ನಮ್ಮ ಬೀದರದ ಕೆಂಪು ಜಂಬಿಟ್ಟಿಗೆಯಾಗಲಿ ಅಲ್ಲಿನ ಸುಣ್ಣಕಲ್ಲಾಗಲಿ ನೀರನ್ನು ಹೀರುತ್ತದೆ. ಗಚ್ಚು ಆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಒಳಗೆ ಸಿಕ್ಕಿಕೊಂಡ ನೀರು ಉಪ್ಪನ್ನು ಕಲ್ಲಿನ ಮೈಗೆ ತಂದು ಕೂರಿಸುತ್ತದೆ, ಕಲ್ಲು ಪುಡಿಯಾಗುತ್ತದೆ, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಸಿಮೆಂಟಿನ ಪದರು ಕಲ್ಲಿನ ಚಕ್ಕೆಯನ್ನೂ ಹೊತ್ತುಕೊಂಡು ಉದುರುತ್ತದೆ. ವಾಡಿ, ಶಹಾಬಾದ, ಸೇಡಂ ಸಿಮೆಂಟಿನ ನಾಡು, ಚೀಲ ಮನೆ ಬಾಗಿಲಿಗೆ ಬಂದು ಬೀಳುತ್ತದೆ ಎಂಬುದನ್ನು ಬಲ್ಲೆ. ಆದರೆ ಅದೇ ಸುಣ್ಣಕಲ್ಲನ್ನು ಸುಟ್ಟರೆ ನಿಮಗೆ ಬೇಕಾದ ಸುಣ್ಣವೂ ಸಿಗುತ್ತದೆ. ಸುಣ್ಣವನ್ನು ನೀರಿನಲ್ಲಿ ಚೆನ್ನಾಗಿ ಕೊಳೆಸಿ, ಮರಳಿನೊಂದಿಗೆ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸುವ ಪದ್ಧತಿ ಬಲ್ಲ ಗೌಂಡಿಗಳು ಇನ್ನೂ ಇದ್ದಾರೆ. ಸಡಿಲವಾದಷ್ಟನ್ನು ಮಾತ್ರ ತೆಗೆದು ತೇಪೆ ಹಾಕಿಸಿ, ನೀರು ಎಲ್ಲಿಂದ ಇಳಿಯುತ್ತಿದೆ ಎಂಬುದನ್ನು ಮೊದಲು ಹುಡುಕಿರಿ.

ನೋಡಿಕೊಳ್ಳುವವರು ಯಾರು ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಊರಿನವರೇ. ಹಿಂದೆ ಜನ ಕೂರುವ ಹಜಾರದ ದುರಸ್ತಿ ಊರಿನವರದು, ವೇದಿಕೆಯಿರುವ ಪೂರ್ವಭಾಗದ ದುರಸ್ತಿ ದಶಮಾಂಶವನ್ನು (ಬೆಳೆಯ ಹತ್ತನೆಯ ಒಂದು ಪಾಲು) ಪಡೆಯುವ ರೆಕ್ಟರನದು, ಅಂದರೆ ಪ್ಯಾರಿಷಿನ ಮುಖ್ಯ ಪಾದ್ರಿಯದು, ಎಂಬ ಹಂಚಿಕೆ ಇತ್ತು. ಎಷ್ಟೋ ಕಡೆ ದಶಮಾಂಶ ಪಡೆಯುತ್ತಿದ್ದ ಕ್ರೈಸ್ತ ಮಠಗಳನ್ನು ಎಂಟನೆಯ ಹೆನ್ರಿ ಮುಚ್ಚಿಸಿದ ಮೇಲೆ ಆ ದಶಮಾಂಶದ ಹಕ್ಕಿನೊಂದಿಗೆ ದುರಸ್ತಿಯ ಹೊಣೆಯೂ ಎಷ್ಟೋ ಖಾಸಗಿ ಜಮೀನುಗಳಿಗೆ ಅಂಟಿಕೊಂಡು ಬಂದಿತು. ವಾರಿಕ್‌ಷೈರಿನ ಆಸ್ಟನ್ ಕ್ಯಾಂಟ್ಲೋ ಎಂಬ ಹಳ್ಳಿಯಲ್ಲಿ ಇಂಥ ಜಮೀನಿದ್ದ ದಂಪತಿ 2003ರಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿಯೂ ಆ ಹೊಣೆಯಿಂದ ಪಾರಾಗಲಿಲ್ಲ. ಇನಾಂ ಜಮೀನಿನ ವ್ಯಾಜ್ಯಗಳನ್ನು ಕಂಡ ನಮಗೆ ಇದೇನೂ ವಿಚಿತ್ರವೆನಿಸದು. ಈಗ ಪ್ರತಿ ಪ್ಯಾರಿಷಿನ ಚುನಾಯಿತ ಸಮಿತಿ ಹಣ ಕೂಡಿಸುತ್ತದೆ. 1955ರ ನಿಯಮದಿಂದ ಆರಂಭವಾದ ಪದ್ಧತಿಯಂತೆ ಐದು ವರ್ಷಕ್ಕೊಮ್ಮೆ ವಾಸ್ತುಶಿಲ್ಪಿ ಅಥವಾ ಅರ್ಹ ತಜ್ಞರೊಬ್ಬರು ಕಟ್ಟಡವನ್ನು ಪರೀಕ್ಷಿಸಿ ವರದಿ ಕೊಡುತ್ತಾರೆ, ಮತ್ತು ಡಯಾಸಿಸಿನ (ಬಿಷಪ್ಪರ ಆಡಳಿತ ವ್ಯಾಪ್ತಿಯ) ನ್ಯಾಯಪೀಠದ ಅನುಮತಿಯಿಲ್ಲದೆ ಒಂದು ಬೆಂಚನ್ನು ಸಹ ಕಾಯಂ ಆಗಿ ತೆಗೆಯುವಂತಿಲ್ಲ. ಜನವೇ ಉಳಿಯದ 350ಕ್ಕೂ ಹೆಚ್ಚು ಚರ್ಚುಗಳನ್ನು 1969ರಲ್ಲಿ ಹುಟ್ಟಿದ ಒಂದು ಟ್ರಸ್ಟ್ ನೋಡಿಕೊಳ್ಳುತ್ತಿದೆ. ಐದು ವರ್ಷದ ಪರೀಕ್ಷೆಯನ್ನು ನೀವೂ ಅಳವಡಿಸಿಕೊಳ್ಳಬಹುದು. ಅದಕ್ಕೆ ದೊಡ್ಡ ಖರ್ಚಿಲ್ಲ.

ಭೀಮಾತೀರ, ಯಾದಗಿರಿ

ನಂಟಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನರ್ಸ್ ಕೆಲಸದ ಮೇಲೆ ಲಿಂಕನ್‌ಷೈರಿನಲ್ಲಿ ಕೆಲವು ವರ್ಷ ಇದ್ದುದರಿಂದ ಎಪ್‌ವರ್ತ್ ಎಂಬ ಊರನ್ನು ನೋಡಿದ್ದೇನೆ. ಮೆಥೋಡಿಸ್ಟ್ ಚಳವಳಿಯನ್ನು ಆರಂಭಿಸಿದ ಜಾನ್ ವೆಸ್ಲಿ 1703ರಲ್ಲಿ ಹುಟ್ಟಿದ್ದು ಅಲ್ಲಿಯ ಆಂಗ್ಲಿಕನ್ ರೆಕ್ಟರನ ಮನೆಯಲ್ಲಿ. ಅವರ ತಂದೆ ಸಾಮ್ಯುಯೆಲ್ ವೆಸ್ಲಿ ಆ ಚರ್ಚಿನ ರೆಕ್ಟರ್ ಆಗಿದ್ದರು. 1742ರಲ್ಲಿ ಮಗ ಊರಿಗೆ ಬಂದಾಗ ಅಲ್ಲಿದ್ದ ಪಾದ್ರಿ ಪ್ರಸಂಗಪೀಠ ಬಿಟ್ಟುಕೊಡಲಿಲ್ಲ. ವೆಸ್ಲಿ ಚರ್ಚಿನ ಅಂಗಳದಲ್ಲಿದ್ದ ತಂದೆಯ ಸಮಾಧಿಯ ಕಲ್ಲನ್ನು ಹತ್ತಿ ನಿಂತು, ಹಲವು ಸಂಜೆ ಅಲ್ಲಿಂದಲೇ ಪ್ರಸಂಗ ಮಾಡಿದರು. ಆ ಸಮಾಧಿ ಈಗಲೂ ಅಲ್ಲಿದೆ. ಇಷ್ಟಾದರೂ ಅವರು 1791ರಲ್ಲಿ ಸಾಯುವವರೆಗೆ ಆಂಗ್ಲಿಕನ್ ಪಾದ್ರಿಯಾಗಿಯೇ ಉಳಿದರು.

ಅಮೆರಿಕದ ಅನುಯಾಯಿಗಳಿಗಾಗಿ 1784ರಲ್ಲಿ ಅವರು ಆಂಗ್ಲಿಕನ್ ಪ್ರಾರ್ಥನಾ ಪುಸ್ತಕವನ್ನು ಮೊಟಕುಗೊಳಿಸಿ ಕಳುಹಿಸಿದರು. ಆಂಗ್ಲಿಕನ್ ಸಭೆಯ ನಂಬಿಕೆಯ 39 ವಿಧಿಗಳನ್ನು 24ಕ್ಕೆ ಇಳಿಸಿದರು, ಅಮೆರಿಕದವರು ಒಂದನ್ನು ಸೇರಿಸಿ 25 ಮಾಡಿಕೊಂಡರು. ನಿಜಾಮರ ರಾಜ್ಯದ ಈ ಭಾಗಕ್ಕೆ ಬಂದದ್ದು ಆ ಅಮೆರಿಕದ ಮೆಥೋಡಿಸ್ಟ್ ಶಾಖೆ. ಆದ್ದರಿಂದ ಕರ್ತನ ಭೋಜನದ ದಿನ ಪಾಸ್ಟರ್ ಓದುವ ಕ್ರಮದ ಎಷ್ಟೋ ಪ್ರಾರ್ಥನೆಗಳ ಮೂಲವು 1662ರ ಆಂಗ್ಲಿಕನ್ ಪುಸ್ತಕದಲ್ಲಿಯೂ ಅದಕ್ಕಿಂತ ಹಿಂದಿನ 1549ರ ಪುಸ್ತಕದಲ್ಲಿಯೂ ಸಿಗುತ್ತದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನರು, ಬ್ರಿಟಿಷ್ ಮೂಲದ ಮೆಥೋಡಿಸ್ಟರು ಮತ್ತಿತರರು ಕೂಡಿ ದಕ್ಷಿಣ ಭಾರತ ಸಭೆಯನ್ನು ಕಟ್ಟಿದಾಗ ನಮ್ಮವರು ಅದರಲ್ಲಿ ಸೇರಲಿಲ್ಲ. 1981ರಲ್ಲಿ ಭಾರತದ ಮೆಥೋಡಿಸ್ಟ್ ಸಭೆ ಸ್ವಾಯತ್ತವಾಯಿತು. ಪುಸ್ತಕದಲ್ಲಿ ಈ ಎರಡನ್ನು ಬೆರೆಸಬೇಡಿ, ಬಹಳ ಜನ ಬೆರೆಸುತ್ತಾರೆ.

ಅಲ್ಲಿನ ಹಳ್ಳಿ ಚರ್ಚಿನಲ್ಲಿ ನನಗೆ ಹಿಡಿಸಿದ್ದು ಗಂಟೆ. ಗೋಪುರದಲ್ಲಿ ಆರೋ ಎಂಟೋ ಗಂಟೆಗಳಿದ್ದು, ಒಂದೊಂದನ್ನು ಒಬ್ಬೊಬ್ಬರು ಹಗ್ಗ ಹಿಡಿದು ಪೂರ್ತಿ ಸುತ್ತು ತಿರುಗಿಸುತ್ತಾರೆ. ರಾಗ ನುಡಿಸುವುದಿಲ್ಲ, ಗಂಟೆಗಳ ಅನುಕ್ರಮವನ್ನು ಪ್ರತಿ ಸುತ್ತಿನಲ್ಲಿಯೂ ಬದಲಿಸುತ್ತ ಹೋಗುತ್ತಾರೆ, ಒಮ್ಮೆ ಬಂದ ಅನುಕ್ರಮ ಮರಳಿ ಬರಬಾರದು. ಆರು ಗಂಟೆಗಳಿಗೆ 720 ಅನುಕ್ರಮ, ಏಳಕ್ಕೆ 5040. ಗಣಿತದ ಮಾಸ್ತರರಾದ ತಮಗೆ ಇದು ರುಚಿಸಬಹುದು. ಹಗ್ಗ ಹಿಡಿಯುವವರಲ್ಲಿ ದೇವರನ್ನು ನಂಬದವರೂ ಇರುತ್ತಾರೆ, ಅದಕ್ಕೆ ಯಾರ ಆಕ್ಷೇಪವೂ ಇಲ್ಲ.

ಕಾರಂಜಾ ದಂಡೆ, ಭಾಲ್ಕಿ ತಾಲ್ಲೂಕು

ಮಾಸ್ತರರಿಗೂ ಇಬ್ಬರು ಅಕ್ಕಂದಿರಿಗೂ ವಂದನೆಗಳು. ಗಚ್ಚಿನ ವಿಷಯವನ್ನು ಹಿರಿಯರ ಮುಂದಿಟ್ಟಿದ್ದೇನೆ. ಮಳೆಗಾಲ ಮುಗಿಯುವವರೆಗೆ ಕೆಲಸ ನಿಲ್ಲಿಸಲು ಒಪ್ಪಿದ್ದಾರೆ. ರಿಜಿಸ್ಟರುಗಳ ಬಗ್ಗೆ ಎರಡು ತೊಡಕುಗಳಿವೆ. ಕೆಲವು ಹಳೆಯ ಕಾಗದಗಳಲ್ಲಿ ಇಸವಿಯ ಬದಲು ನಿಜಾಮರ ಕಾಲದ ಕಂದಾಯ ಲೆಕ್ಕದ ಫಸಲಿ ವರ್ಷವಿದೆ. ಹಲವು ಕಡೆ ದೀಕ್ಷಾಸ್ನಾನಕ್ಕೆ ಮುಂಚಿನ ಹೆಸರು, ಜಾತಿ, ತಂದೆ ಯಾರೆಂದು ತಿಳಿಯದ ಮಕ್ಕಳ ಬಗ್ಗೆ ಟಿಪ್ಪಣಿ ಮುಂತಾದವು ಇವೆ. ಇವನ್ನು ಅಚ್ಚು ಹಾಕಬಹುದೇ?

ಹಳೇ ಮಾಸ್ತರ, ಕಲಬುರಗಿ

ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಆರಂಭವಾಗುತ್ತಿತ್ತು. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಘಟನೆಗೆ 590, ಜನವರಿಯಿಂದ ಮುಂದಿನದಕ್ಕೆ 591 ಕೂಡಿಸಿರಿ. ಫಸಲಿ 1357 ಎಂದರೆ 1947-48. ಮೂಲದಲ್ಲಿರುವ ವರ್ಷವನ್ನು ಹಾಗೆಯೇ ಬರೆದು, ಲೆಕ್ಕ ಹಾಕಿದ ವರ್ಷವನ್ನು ಪಕ್ಕದಲ್ಲಿ ಕೊಡಿ. ಇಂಗ್ಲೆಂಡಿನ ರಿಜಿಸ್ಟರುಗಳಲ್ಲಿಯೂ ಇದೇ ಗೊಂದಲವಿದೆ: 1752ಕ್ಕೆ ಮೊದಲು ಅಲ್ಲಿ ವರ್ಷ ಮಾರ್ಚ್ 25ರಂದು ಬದಲಾಗುತ್ತಿದ್ದುದರಿಂದ 1720ರ ಡಿಸೆಂಬರಿನ ನಂತರ 1720ರ ಫೆಬ್ರುವರಿ ಬರುತ್ತದೆ, ನಾವದನ್ನು 1721 ಎಂದು ಓದಬೇಕು. ಜಿಲ್ಲೆ, ತಾಲ್ಲೂಕಿನ ಹೆಸರುಗಳನ್ನೂ 1956ರ ನಂತರದ ರೂಪಕ್ಕೆ ತಿದ್ದಬೇಡಿ.

ಟಿಪ್ಪಣಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಅಲ್ಲಿನ ಪಾದ್ರಿಗಳೂ ಮದುವೆಯಾಗದ ತಾಯಂದಿರ ಮಕ್ಕಳನ್ನು ಕಟುವಾದ ಮಾತಿನಲ್ಲಿ ಗುರುತಿಸಿದ್ದಾರೆ. ಮೂರು ನೂರು ವರ್ಷ ಕಳೆದ ಮೇಲೆ ಅದನ್ನು ಅಚ್ಚು ಹಾಕಿದರೆ ಯಾರ ಮನೆಯೂ ನೋಯುವುದಿಲ್ಲ. ನಿಮ್ಮ ರಿಜಿಸ್ಟರಿನಲ್ಲಿರುವವರ ಮೊಮ್ಮಕ್ಕಳು ಮುಂದಿನ ಬೆಂಚಿನಲ್ಲಿ ಕುಳಿತಿರುತ್ತಾರೆ. ಹಳೆಯ ಹೆಸರನ್ನೂ ಜಾತಿಯನ್ನೂ ಆಯಾ ಕುಟುಂಬ ಒಪ್ಪಿದರೆ ಮಾತ್ರ ಪ್ರಕಟಿಸಿರಿ, ತಂದೆಯ ಬಗೆಗಿನ ಟಿಪ್ಪಣಿಯನ್ನು ಪ್ರಕಟಿಸಲೇ ಬೇಡಿ. ಮೂಲ ಪುಸ್ತಕದಲ್ಲಿ ಮಾತ್ರ ಒಂದಕ್ಷರವನ್ನೂ ಅಳಿಸಬಾರದು, ತಿದ್ದಬಾರದು. ಪ್ರತಿ ಪುಟದ ಛಾಯಾಚಿತ್ರ ತೆಗೆಸಿ, ಒಂದು ಪ್ರತಿ ಸಭೆಯಲ್ಲಿಯೂ ಇನ್ನೊಂದು ಊರಿನ ಹೊರಗಿನ ನಂಬಿಗಸ್ತ ಸಂಸ್ಥೆಯಲ್ಲಿಯೂ ಇರಲಿ. ತಗಡಿನ ಪೆಟ್ಟಿಗೆಯನ್ನು ನೆಲದಿಂದ ಎತ್ತರಿಸಿ ಒಣಗಿದ ಜಾಗದಲ್ಲಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಬೇಡಿ. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಲೇಬೇಡಿ. ಕಾಣಿಕೆಯ ವಹಿಗಳನ್ನು ಕೊನೆಗೆಂದು ಇಡದೆ ಮೊದಲೇ ಓದಿರಿ. ಬರಗಾಲದ ವರ್ಷಗಳಲ್ಲಿ ಜನ ಹಣದ ಬದಲು ಜೋಳ ತಂದು ಕೊಟ್ಟಿದ್ದರೆ ಅದು ಅಲ್ಲಿಯೇ ಬರೆದಿರುತ್ತದೆ.