ಹಳೆಯ ಓಮ್ನಿಗೆ ಹಿಂಬದಿಯ ಸ್ಪ್ರಿಂಗ್ ಬೇಕಾಗಿದೆ

ಪ್ರಶ್ನೆ, ಉಡುಪಿಯಿಂದ:
ಮಲ್ಪೆಯಿಂದ ಮೀನಿನ ಪೆಟ್ಟಿಗೆಗಳನ್ನು ಸಾಗಿಸುವ ನಮ್ಮ ಮಾರುತಿ ಓಮ್ನಿಯ ಹಿಂಭಾಗ ಎಡಕ್ಕೆ ವಾಲಿದ್ದು, ಲೀಫ್ ಸ್ಪ್ರಿಂಗಿನ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಒಂದು ಪ್ಲೇಟು ಬಿರುಕು ಬಿಟ್ಟಿದೆ. 2019ರಲ್ಲಿ ತಯಾರಿಕೆ ನಿಂತ ಈ ವಾಹನಕ್ಕೆ ಹೊಸ ಸ್ಪ್ರಿಂಗನ್ನೇ ಹುಡುಕಬೇಕೇ ಅಥವಾ ಹಳೆಯದಕ್ಕೆ ಬೆಸುಗೆ ಹಾಕಿಸಬಹುದೇ ಎಂದು ದಯವಿಟ್ಟು ತಿಳಿಸಿ.

ಉತ್ತರ, ಮಂಗಳೂರಿನಿಂದ:
ಬೆಸುಗೆಯನ್ನು ಖಂಡಿತ ಹಾಕಿಸಬೇಡಿ. ಆ ಶಾಖಕ್ಕೆ ಸ್ಪ್ರಿಂಗ್ ಉಕ್ಕಿನ ಹದ ಕೆಟ್ಟು, ತುಂಬಿದ ಗಾಡಿ ಹೊಂಡಕ್ಕೆ ಬಿದ್ದಾಗ ಪಕ್ಕದಲ್ಲೇ ಮತ್ತೆ ಮುರಿಯಬಹುದು. ಹೊಸದನ್ನು ಕೊಳ್ಳುವ ಮೊದಲು ಪ್ಲೇಟುಗಳ ಸಂಖ್ಯೆ, ಅಗಲ, ದಪ್ಪ ಹಾಗೂ ಎರಡು ತುದಿಗಳ ಕಣ್ಣುಗಳ (ಬೋಲ್ಟು ತೂರುವ ರಂಧ್ರಗಳ) ನಡುವಿನ ಅಂತರವನ್ನು ಅಳೆದುಕೊಳ್ಳಿ. ಎರಡೂ ಬದಿಯವನ್ನು ಒಟ್ಟಿಗೇ ಬದಲಿಸದಿದ್ದರೆ ವಾಲುವಿಕೆ ಉಳಿಯುತ್ತದೆ.

ಉತ್ತರ, ಸುರತ್ಕಲ್‌ನಿಂದ:
ಮಾರುತಿಯದೇ ಆದ ಈಕೋ ವ್ಯಾನಿನ ಸ್ಪ್ರಿಂಗನ್ನು ಹಾಕಿಸಲು ಹೋಗಬೇಡಿ; ಅದರ ಹಿಂಬದಿಯಲ್ಲಿರುವುದು ಕಾಯಿಲ್ (ಸುರುಳಿ) ಸ್ಪ್ರಿಂಗ್ ಆದ್ದರಿಂದ ಓಮ್ನಿಗೆ ಹೊಂದುವುದಿಲ್ಲ. ಮೀನಿನ ಉಪ್ಪುನೀರು ಸೋರುವ ಗಾಡಿಯಾದ್ದರಿಂದ ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟು, ಅದರ ಕಣ್ಣುಗಳೊಳಗೆ ಕೂರುವ ಬುಷ್‌ಗಳನ್ನೂ ಹೊಸದಾಗಿಯೇ ಹಾಕಿಸಿ.