ಮುಡಿ ಯಾರಿಗೆ, ದುಡ್ಡು ಯಾರಿಗೆ: ನಮ್ಮ ಮಂಡ್ಯದ ಮನೆ ಗ್ರೂಪಿನಲ್ಲಿ

ಚಿಕ್ಕಮ್ಮ: (ಫಾರ್ವರ್ಡ್) ಅಮೆರಿಕದಲ್ಲಿ ಕ್ಯಾನ್ಸರ್ ಬಂದ ಮಕ್ಕಳಿಗೆ ಕೂದಲು ದಾನ ಮಾಡಲು ಸಾವಿರಾರು ಜನ ತಲೆ ಬೋಳಿಸಿಕೊಳ್ಳುತ್ತಿದ್ದಾರೆ!! ನಮ್ಮ ನಂಜನಗೂಡಿನ ಮುಡಿ ಸೇವೆ ನೋಡಿ ಕಲಿತದ್ದು!! ಎಲ್ಲರಿಗೂ ಕಳಿಸಿ 🙏

ಚಿಕ್ಕಮ್ಮ: ನಮ್ಮ ಹುಡುಗಿಯೂ ಮೈಸೂರಿನ ಹಾಸ್ಟೆಲ್‌ನಲ್ಲಿ ಇದನ್ನೇ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಯಾರಾದರೂ ಬುದ್ಧಿ ಹೇಳಿ.

ದೊಡ್ಡಪ್ಪ: ಹರಕೆ ಇದ್ದರೆ ಸರಿ. ಅಪ್ಪ ಅಮ್ಮ ಗಟ್ಟಿಮುಟ್ಟಾಗಿರುವಾಗ ಸುಮ್ನೆ ತಲೆ ಬೋಳಿಸಬಾರದು. ಅದೂ ಮದುವೆ ವಯಸ್ಸಿನ ಹುಡುಗಿ.

ಭಾವ: ಇದನ್ನು ಬರೆದವರು ಯಾರು? ಯಾವ ಪೇಪರಿನಲ್ಲಿ ಬಂದಿದೆ? ಓದದೆ ಕಳಿಸುವುದು ಜಾಸ್ತಿ ಆಯಿತು.

ಚಿಕ್ಕಪ್ಪ: ಎಲ್ಲರ ಹತ್ರ ಲೆಕ್ಕ ಕೇಳುವವರು ಮೊದಲು ವೈರಮುಡಿಗೆ ಹೋದ ವ್ಯಾನಿನ ಲೆಕ್ಕ ಕೊಡಲಿ.

ಭಾವ: ಅವತ್ತೇ ಹಾಕಿದ್ದೇನೆ. ಮೇಲೆ ಹುಡುಕಿ.

ಅತ್ತೆ ಮಗ: ನಂಜನಗೂಡು ಅಂದ ತಕ್ಷಣ ಎಲ್ಲಾ ನೆನಪಾಯಿತು. ತಾತ ನಮ್ಮನ್ನು ಕಪಿಲೆ ದಡದಲ್ಲಿ ಕಾಲ ಸಂದಿಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ಒದ್ದೆ ತಲೆ ಮೇಲೆ ಕತ್ತಿ ಕರಕರ ಅನ್ನುತ್ತಿತ್ತು, ಕತ್ತಿನ ತುಂಬಾ ಕೂದಲು ಚುಚ್ಚುತ್ತಿತ್ತು, ಆಮೇಲೆ ಗಂಧ ಹಚ್ಚಿದರೆ ತಲೆಯೆಲ್ಲಾ ತಣ್ಣಗೆ. ರಸಬಾಳೆ ಕೊಟ್ಟ ಮೇಲೇ ಅಳು ನಿಲ್ಲುತ್ತಿದ್ದದ್ದು. ಆ ಫೋಟೋ ಯಾರ ಹತ್ರ ಇದೆ?

ಚಿಕ್ಕಮ್ಮ: ಆಲ್ಬಮ್ ತೆಗೆದುಕೊಂಡು ಹೋದದ್ದು ನಿಮ್ಮಮ್ಮ. ಇವತ್ತಿನವರೆಗೂ ವಾಪಸ್ ಬಂದಿಲ್ಲ.

ನಾನು: ಆಲ್ಬಮ್ ಆಮೇಲೆ ನೋಡೋಣ. ಫಾರ್ವರ್ಡ್‌ನಲ್ಲಿ ತಪ್ಪಿದೆ. ಅಲ್ಲಿ ಮುಖ್ಯ ಕೂದಲಲ್ಲ, ದುಡ್ಡು. ‘ನಾನು ತಲೆ ಬೋಳಿಸಿಕೊಳ್ಳುತ್ತೇನೆ, ನೀವು ಕೈಲಾದಷ್ಟು ಕೊಡಿ’ ಅಂತ ಗೊತ್ತಿರುವವರನ್ನೆಲ್ಲಾ ಕೇಳುತ್ತಾರೆ. ಬಂದದ್ದು ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಹೋಗುತ್ತದೆ. ನ್ಯೂಯಾರ್ಕಿನಲ್ಲಿ ವಿಮೆ ವ್ಯವಹಾರದವರು ಕೆಲವರು 2000ದ ಮಾರ್ಚ್ 17ರಂದು ಶುರು ಮಾಡಿದ್ದು. 17 ತಲೆ, 17,000 ಡಾಲರ್ ಅಂದುಕೊಂಡಿದ್ದರು, ಲಕ್ಷ ಡಾಲರ್ ದಾಟಿತು. ಅದೇ ಮುಂದೆ ಸೇಂಟ್ ಬಾಲ್ಡ್ರಿಕ್ಸ್ ಸಂಸ್ಥೆ ಆಯಿತು.

ಭಾವ: ದುಡ್ಡು ಬಂತು. ಔಷಧಿ ಬಂತಾ?

ನಾನು: ಬಂತು ಭಾವ. ನ್ಯೂರೋಬ್ಲಾಸ್ಟೋಮಾ ಅಂತ ಒಂದು ಗಡ್ಡೆ, ಬರುವುದು ಹೆಚ್ಚಾಗಿ ಪುಟ್ಟ ಮಕ್ಕಳಿಗೇ. ಅದರ ಔಷಧಿ ಡೈನುಟುಕ್ಸಿಮ್ಯಾಬ್‌ಗೆ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆ ಕೆಲಸಕ್ಕೆ ಇವರ ದುಡ್ಡೂ ಸೇರಿದೆ. ದೊಡ್ಡವರಿಗೆ ಬರುವಷ್ಟು ಕ್ಯಾನ್ಸರ್ ಮಕ್ಕಳಿಗೆ ಬರುವುದಿಲ್ಲ, ಕಂಪನಿಗಳಿಗೆ ಅದರಲ್ಲಿ ಲಾಭ ಕಾಣುವುದಿಲ್ಲ. ಅದಕ್ಕೇ ಜನರ ಮುಂದೆ ಕೈ ಚಾಚಬೇಕಾಗುತ್ತದೆ.

ದೊಡ್ಡಪ್ಪ: ಎಲ್ಲಾ ಬೇಕರಿ ತಿಂಡಿಯಿಂದ. ತಾಯಂದಿರು ಸರಿಯಾಗಿ ನೋಡಿಕೊಂಡರೆ ಯಾಕೆ ಬರುತ್ತದೆ? ಹಿತ್ತಲಿನ ಕಾಶಿ ಕಣಗಿಲೆಯಿಂದಲೇ ಔಷಧಿ ಮಾಡುತ್ತಾರಂತೆ, ಕಷಾಯ ಕುಡಿಸಿದರೆ ಆಯಿತು.

ನಾನು: ದೊಡ್ಡಪ್ಪ, ಗಿಡದ ಮಾತು ನಿಜ. ವಿನ್‌ಕ್ರಿಸ್ಟೀನ್ ಬಂದದ್ದು ಅದರಿಂದಲೇ, ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಅಳೆದು ರಕ್ತನಾಳಕ್ಕೆ ಕೊಡುತ್ತಾರೆ. ಆದರೆ ಆ ಗಿಡದಲ್ಲಿ ವಿಷ ಇದೆ. ಕಷಾಯ ಅಂತ ದಯವಿಟ್ಟು ಯಾರಿಗೂ ಹೇಳಬೇಡಿ. ತಾಯಂದಿರ ಮಾತನ್ನೂ ಬಿಡಿ. ಮಕ್ಕಳ ಕ್ಯಾನ್ಸರ್‌ಗೆ ಬಹುಪಾಲು ಊಟ ಕಾರಣ ಅಲ್ಲ. ಆಸ್ಪತ್ರೆ ಬೆಂಚಿನ ಮೇಲೆ ಮಗುವನ್ನು ಮಲಗಿಸಿಕೊಂಡ ತಾಯಿಗೆ ‘ನೀನು ತಿನ್ನಿಸಿದ್ದೇ ತಪ್ಪು’ ಅಂದರೆ ಅವಳು ಆ ಮಾತನ್ನು ಎಲ್ಲಿ ಹೊತ್ತುಕೊಂಡು ಹೋಗಬೇಕು?

ನಾನು: ಇನ್ನೂ ಹೇಳುತ್ತೇನೆ. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಎಷ್ಟೋ ಬಡ ದೇಶಗಳಲ್ಲಿ 30 ಕೂಡ ಇಲ್ಲ. ತಡವಾಗಿ ಗೊತ್ತಾಗುತ್ತದೆ, ಇಲ್ಲಾ ದುಡ್ಡಿಲ್ಲದೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ. ಮಕ್ಕಳಿಗೆ ಹೆಚ್ಚಾಗಿ ಬರುವ ರಕ್ತದ ಕ್ಯಾನ್ಸರ್‌ಗೆ ಎರಡು ಮೂರು ವರ್ಷ ಚಿಕಿತ್ಸೆ. ಮಳವಳ್ಳಿ ಕಡೆಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡುವ ಕೂಲಿಯವನು ಪ್ರತಿ ಸಲ ಬಸ್ ಚಾರ್ಜೂ ಕೊಡಬೇಕು, ಆ ದಿನದ ಕೂಲಿಯನ್ನೂ ಬಿಡಬೇಕು. ನಮ್ಮ ಹುಡುಗಿ ಕೂದಲು ಬಿಡುತ್ತೇನೆ ಅನ್ನುತ್ತಿದ್ದಾಳೆ, ಅದು ಮತ್ತೆ ಬೆಳೆಯುತ್ತದೆ. ತಡೆಯಬೇಡಿ.

ದೊಡ್ಡಪ್ಪ: ದೊಡ್ಡವರಿಗೇ ಪಾಠ ಹೇಳುವಷ್ಟು ಬೆಳೆದಿದ್ದೀಯ. ನಿಮ್ಮಪ್ಪನೂ ಹೀಗೇ.

ಚಿಕ್ಕಪ್ಪ: ಅಣ್ಣ, ಅವರಪ್ಪ ಅವತ್ತು ಹೇಳಿದ್ದೂ ಸರಿಯೇ ಇತ್ತು.

ಹುಡುಗಿ: ಎಲ್ಲಾ ಓದಿದೆ. ದೊಡ್ಡಪ್ಪ, ತಿರುಪತಿಯಲ್ಲಿ ಅಮ್ಮನೂ ಮುಡಿ ಕೊಟ್ಟಿದ್ದರು, ಆಗ ಯಾರೂ ಬೇಡ ಅನ್ನಲಿಲ್ಲ. ಗುರುವಾರ ಸಂಜೆ ಬೋಳಿಸುತ್ತಾರೆ. ನನ್ನ ಕೈಗೆ ದುಡ್ಡು ಬೇಡ. ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ನೇರವಾಗಿ ಕಟ್ಟಿ ರಸೀತಿ ಇಲ್ಲಿ ಹಾಕಿ.

ಭಾವ: ರಸೀತಿ ಇದ್ದರೆ ನನ್ನ ತಕರಾರಿಲ್ಲ. ಇವತ್ತೇ ಕಟ್ಟುತ್ತೇನೆ.

ಚಿಕ್ಕಪ್ಪ: ಭಾವ ಎಷ್ಟು ಕಟ್ಟುತ್ತಾರೋ ನಾನೂ ಅಷ್ಟು. ವ್ಯಾನಿನ ಲೆಕ್ಕ ಬೇರೆ.