ಹಾಸ್ಟೆಲ್ ಸೀನ

“ಪೌರರಲ್ಲದವರು ವೋಟು ಹಾಕದ ಹಾಗೆ ನೋಡಿಕೊಳ್ಳೋದರಲ್ಲಿ ಏನು ಕಷ್ಟ?” ಎಂದ ಸೀನ. “ಒಂದು ಕಡೆ ಅಮೆರಿಕದ ಮತದಾರರ ಪಟ್ಟಿ, ಇನ್ನೊಂದು ಕಡೆ ಪೌರತ್ವ ಇಲ್ಲದವರ ಪಟ್ಟಿ. ಎರಡರಲ್ಲೂ ಇರೋ ಹೆಸರನ್ನ ಹೊಡೆದುಹಾಕಿದರಾಯ್ತು. ಅರ್ಧ ಗಂಟೆ ಕೆಲಸ.”

ಸೀನನಿಗೆ ಜಗತ್ತಿನ ಎಲ್ಲ ಕೆಲಸವೂ ಅರ್ಧ ಗಂಟೆಯದ್ದೇ.

“ಟೆಕ್ಸಾಸಿನವರೂ 2019ರಲ್ಲಿ ಹಾಗೇ ಅಂದುಕೊಂಡರು,” ಎಂದ ಮೂರ್ತಿ. “ಡ್ರೈವಿಂಗ್ ಲೈಸೆನ್ಸ್ ದಾಖಲೆ ಜೊತೆ ತಾಳೆ ನೋಡಿ, ಸುಮಾರು 95,000 ಮತದಾರರ ಮೇಲೆ ಅನುಮಾನ ಅಂತ ಸಾರಿಬಿಟ್ಟರು.”

“ನೋಡಿದ್ಯಾ!”

“ಪೂರ್ತಿ ಕೇಳೋ. ಕೆಲವೇ ದಿನಗಳಲ್ಲಿ ಅವರಲ್ಲಿ 25,000ದಷ್ಟು ಜನಕ್ಕೆ ಪೌರತ್ವ ಇದೆ ಅಂತ ಗೊತ್ತಾಯಿತು. ಗ್ರೀನ್ ಕಾರ್ಡ್ ಇದ್ದಾಗ ಲೈಸೆನ್ಸ್ ತಗೊಂಡಿದ್ದರು, ಆಮೇಲೆ ಪೌರರಾದರು. ಲೈಸೆನ್ಸ್ ದಾಖಲೆಗೆ ಆ ಸುದ್ದಿ ಮುಟ್ಟಿರಲಿಲ್ಲ. ಕೋರ್ಟಿಗೆ ಹೋಗಿ, ಕೊನೆಗೆ ಆ ಪಟ್ಟಿಯನ್ನೇ ಕೈಬಿಟ್ಟರು.”

“ದಾಖಲೆ ಅಂದಮೇಲೆ ಅಷ್ಟು ಹಳೇದಿರುತ್ತಾ?”

ನಾನು ಸುಮ್ನೆ ನನ್ನ ಫೋನ್ ತೆಗೆದು ತೋರಿಸಿದೆ. ‘ಹಾಸ್ಟೆಲ್ ಸೀನ’. ಅವನು ಹಾಸ್ಟೆಲ್ ಬಿಟ್ಟು 22 ವರ್ಷ. ಮದುವೆಯಾಯಿತು, ಇಬ್ಬರು ಮಕ್ಕಳಾದರು, ತಲೆಗೂದಲು ಮುಕ್ಕಾಲು ಪಾಲು ಹೋಯಿತು. ನನ್ನ ಫೋನಿನ ಪ್ರಕಾರ ಇನ್ನೂ ಹಾಸ್ಟೆಲಿನಲ್ಲೇ ಮಲಗಿದ್ದಾನೆ.

ಸೀನ ಸೋಲುವ ಗಿರಾಕಿಯಲ್ಲ. “ಸರಿ, ಆದರೆ ವರ್ಜೀನಿಯಾದಲ್ಲಿ 2017ರ ಶಾಸನಸಭೆ ಚುನಾವಣೆಯ ಒಂದು ಕ್ಷೇತ್ರದಲ್ಲಿ ಇಬ್ಬರು ಅಭ್ಯರ್ಥಿಗಳಿಗೂ ತಲಾ 11,608 ಮತ ಬಂದು, ಬಟ್ಟಲಲ್ಲಿ ಚೀಟಿ ಹಾಕಿ ಎತ್ತಿದರು. ಒಂದೇ ಒಂದು ಕಳ್ಳ ಮತ ಬಿದ್ದಿದ್ದರೂ ಕಥೆ ಬದಲಾಗ್ತಿತ್ತು, ಅಲ್ವಾ?”

ಮಾತಿನಲ್ಲಿ ಹುರುಳಿತ್ತು, ಸುಳ್ಳು ಯಾಕೆ ಹೇಳಲಿ.

“ಹಾಗಾದರೆ ತಪ್ಪಾಗಿ ಕಿತ್ತ ಒಂದು ಹೆಸರಿಗೂ ಅಷ್ಟೇ ತೂಕ ತಾನೆ?” ಎಂದಳು ವಿಮಲಾ. “ಕಾನ್ಸಾಸಿನಲ್ಲಿ 2013ರಿಂದ ಹೊಸಬರು ಹೆಸರು ಸೇರಿಸಬೇಕಾದರೆ ಪೌರತ್ವದ ಕಾಗದ ತೋರಿಸಿ ಅಂದರು. ಸುಮಾರು 31,000 ಅರ್ಜಿ ನಿಂತವು. ಕೋರ್ಟಿನಲ್ಲಿ ಲೆಕ್ಕ ಹಾಕಿದರೆ, 19 ವರ್ಷದಲ್ಲಿ ಪಟ್ಟಿಗೆ ನುಸುಳಿದವರು ಜಾಸ್ತಿ ಅಂದ್ರೆ 39. 2018ರಲ್ಲಿ ಆ ನಿಯಮವೇ ಬಿದ್ದುಹೋಯಿತು.”

“ಇಲಿ ಹಿಡಿಯೋಕೆ ಮನೆಯವರನ್ನೆಲ್ಲ ಆಚೆ ಹಾಕಿದ ಹಾಗೆ,” ಎಂದ ಮೂರ್ತಿ. “ಜಾರ್ಜಿಯಾದಲ್ಲಿ 2024ರಲ್ಲಿ 82 ಲಕ್ಷ ಹೆಸರು ಜಾಲಾಡಿದರು. ಸಿಕ್ಕವರು 20 ಜನ.”

“ಸಿಕ್ಕರಲ್ಲ!” ಎಂದು ಸೀನ ಎದ್ದೇ ನಿಂತ.

ಸಿಕ್ಕರು, ನಿಜ. ಹುಡುಕಬೇಡಿ ಅಂತ ನಾವ್ಯಾರೂ ಹೇಳಲಿಲ್ಲ. ಹೊಸ ದಾಖಲೆ ನೋಡಿ, ಹೊಡೆದುಹಾಕೋ ಮೊದಲು ಆ ಮನುಷ್ಯನನ್ನ ಒಂದು ಮಾತು ಕೇಳಿ ಅಂದೆವು, ಅಷ್ಟೇ.

“ಕೇಳೋದೇನು? ದಾಖಲೆ ಇದ್ದ ಮೇಲೆ ಮುಗೀತು,” ಎಂದ ಸೀನ.

ವಿಮಲಾ ತನ್ನ ಫೋನ್ ಅವನ ಮುಂದೆ ಹಿಡಿದಳು. ಅದರಲ್ಲಿ ಅವನ ಹೆಸರು ‘ಸೀನ ಸಾಲ ಬಾಕಿ’.

“ಅಯ್ಯೋ, ಅದನ್ನ ತೀರಿಸಿ ನಾಲ್ಕು ವರ್ಷ ಆಯ್ತು ಕಣೇ!”

“ರಸೀದಿ ತೋರಿಸು. ಅರ್ಧ ಗಂಟೆ ಟೈಮ್ ಕೊಡ್ತೀನಿ.”